ತಕ್ಕಡಿ ಅಕ್ಕನ ಸಕ್ಕರೆ ಪುಸ್ತಕ

ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಹನ್ನೊಂದು ವರ್ಷ ಕೂತವಳು ಅವಳು. ಕಬ್ಬಿಣದ ಹಾಸಿನ ಮೇಲೆ ಲಾರಿ ಹತ್ತಿ ನಿಂತರೆ ಪಕ್ಕದ ಪುಟ್ಟ ಕೋಣೆಯ ಕಿಟಕಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಡ್ರೈವರುಗಳಿಗೆಲ್ಲ ಅವಳು ತಕ್ಕಡಿ ಅಕ್ಕ. ಖಾಲಿ ಲಾರಿಯ ತೂಕ ಹೆಚ್ಚು ತೋರಿ ಲೋಡಿನ ಲೆಕ್ಕ ಕಮ್ಮಿಯಾಗಲೆಂದು ಸೀಟಿನ ಹಿಂದೆ ಯಾರಾದರೂ ಅಡಗಿ ಕೂತರೆ, ಕುರ್ಚಿಯಿಂದ ಏಳದೆಯೇ ಕೂಗುತ್ತಿದ್ದಳು: "ಆ ಎಪ್ಪತ್ತು ಕಿಲೋ ಮೂಟೆ ಕೆಳಗಿಳೀಲಿ!" ಹನ್ನೊಂದು ವರ್ಷದಲ್ಲಿ ಒಂದು ಅಂಕಿ ಆಚೀಚೆ ಬರೆದವಳಲ್ಲ.

ಅವಳ ಮೈಯೂ ಭಾರವೇ, ತೊಂಬತ್ತೆರಡು ಕಿಲೋ. "ಅಕ್ಕ ಹತ್ತಿದ್ರೆ ಯಂತ್ರಾನೇ ಕೈ ಮುಗಿಯುತ್ತೆ" ಎಂದು ಡ್ರೈವರುಗಳು ಆಡಿಕೊಂಡಾಗ ಅವಳೂ ಜೊತೆಗೆ ನಗುತ್ತಿದ್ದಳು. ನಕ್ಕವಳಿಗೆ ನೋವಾಗುವುದಿಲ್ಲ ಎಂದುಕೊಳ್ಳುವ ದಡ್ಡರಿಗೆ ಈ ಲೋಕದಲ್ಲಿ ಬರವೇ?

ಮೊದಲ ಬಸುರಿನಲ್ಲಿ ಬಾಯಾರಿಕೆ, ಸುಸ್ತು. ಬಸುರಿ ಎಂದಮೇಲೆ ಇದೆಲ್ಲ ಇದ್ದದ್ದೇ ಎಂದರು ಮನೆಯವರು. ಹೊಟ್ಟೆ ನೋಡಿ ಗುಂಡು ಮಗು ಎಂದು ಹಿಗ್ಗಿದರು. ಒಂಬತ್ತನೇ ತಿಂಗಳಲ್ಲಿ ಹುಟ್ಟಿದ ಆ ಮಗು ಅಳಲೇ ಇಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದದ್ದೇ ಆಮೇಲೆ. ನರ್ಸು ಚೀಟಿಯಲ್ಲಿ ಮಗುವಿನ ತೂಕ ಬರೆಯುತ್ತಿದ್ದರೆ, ಮಲಗಿದ್ದಲ್ಲಿಂದಲೇ ಅವಳು ಅದನ್ನು ತಲೆಕೆಳಗಾಗಿ ಓದಿಕೊಂಡಳು. ಕೆಲಸದ ಅಭ್ಯಾಸ, ಕಣ್ಣು ಕೇಳಬೇಕಲ್ಲ. ಆ ಅಂಕಿಯನ್ನು ಗಂಡನಿಗೂ ಹೇಳಲಿಲ್ಲ.

ಎರಡು ವರ್ಷ ಕಳೆದ ಮೇಲೆ ಮತ್ತೆ ಮಗು ಬೇಕೆನಿಸಿ ಹೋದಾಗ ಲೇಡಿ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಮೊದಲು ಸಕ್ಕರೆ ಹತೋಟಿಗೆ ಬರಬೇಕು, ತೂಕ ಒಂದಿಷ್ಟು ಇಳಿಯಬೇಕು, ಬಸುರಿಯಾಗುವುದು ಆಮೇಲೆ. ಜೊತೆಯಲ್ಲಿದ್ದ ಅತ್ತೆ ದಂಗಾದರು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತ ಕೇಳಿದ್ದೆ. ಕೂಸು ಹೊಟ್ಟೆಗೆ ಬರೋಕೆ ಮುಂಚೆ ಔಷಧಿ ಅಂತ ಇವತ್ತೇ ಕೇಳಿದ್ದು ಕಣಮ್ಮ!" ಹಾಗೆಂದರೂ ಮಾರನೇ ದಿನದಿಂದ ಸೊಸೆಯ ತಟ್ಟೆಯಲ್ಲಿ ಅನ್ನ ಅರ್ಧವಾಗಿ ತರಕಾರಿ ಎರಡರಷ್ಟಾಯಿತು. ಅತ್ತೆ ತಮ್ಮ ತಟ್ಟೆಗೂ ಅದನ್ನೇ ಬಡಿಸಿಕೊಂಡರು. ಊಟದ ಬಿಡುವಿನಲ್ಲಿ ಅವಳು ವೇಬ್ರಿಡ್ಜಿನ ಅಂಗಳಕ್ಕೆ ಹತ್ತು ಸುತ್ತು ಹಾಕಿದಳು. ಒಂದು ವರ್ಷಕ್ಕೆ ಒಂಬತ್ತು ಕಿಲೋ ಇಳಿಯಿತು. ಡಾಕ್ಟರು ಇನ್ನು ಬಸುರಿಯಾಗಬಹುದು ಎಂದರು, ಆದಳು.

ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ, ಯಂತ್ರ ತೋರಿಸಿದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕ ನೋಡಿಯೇ ಡಾಕ್ಟರು ಇನ್ಸುಲಿನ್ ಎಷ್ಟೆಂದು ಹೇಳುತ್ತಿದ್ದರು. ಆರು ತಿಂಗಳು ಎಲ್ಲವೂ ಸರಿಯಿತ್ತು. ಏಳರಲ್ಲಿ ಒಂದು ಬೆಳಿಗ್ಗೆ, ಬರಿಹೊಟ್ಟೆಯಲ್ಲಿ, ಯಂತ್ರ ನೂರ ಇಪ್ಪತ್ತೆಂಟು ಎಂದಿತು. ತೊಂಬತ್ತೈದರ ಒಳಗಿರಬೇಕಾದದ್ದು. ಹಿಂದಿನ ದಿನ ಅವಳು ಒಂದು ತುತ್ತೂ ಹೆಚ್ಚು ತಿಂದಿರಲಿಲ್ಲ. ಪೆನ್ನು ಹಿಡಿದು ತುಂಬ ಹೊತ್ತು ಕೂತವಳು ಕೊನೆಗೆ ತೊಂಬತ್ನಾಲ್ಕು ಎಂದು ಬರೆದಳು.

ಮರುದಿನ ಬರೆದದ್ದು ತೊಂಬತ್ತೊಂದು. ಮೂರನೇ ದಿನ ಯೋಚಿಸಲೂ ಇಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ಹಾಗಾಯಿತು ತಕ್ಕಡಿ ಅಕ್ಕನ ಕಥೆ. ಆ ವಾರ ಆಸ್ಪತ್ರೆಗೆ ಹೋದಾಗ ನರ್ಸು ಅವಳ ಪುಸ್ತಕವನ್ನು ಸಾಲಿನಲ್ಲಿದ್ದ ಬಸುರಿಯರಿಗೆಲ್ಲ ಎತ್ತಿ ತೋರಿಸಿ, "ನೋಡ್ರಮ್ಮ, ಇವರನ್ನ ನೋಡಿ ಕಲೀರಿ" ಎಂದಳು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಎರಡು ದಿನ ಕಳೆದು ಗುಜರಿ ಕಬ್ಬಿಣದ ಲಾರಿಯೊಂದು ಬಂತು. ಹಳೇ ಪರಿಚಯದ ಡ್ರೈವರು ಕಿಟಕಿಗೆ ಬಗ್ಗಿ ಹಲ್ಲು ಗಿಂಜಿದ. "ಅಕ್ಕಾ, ಒಂದು ಟನ್ ಜಾಸ್ತಿ ಇದೆ. ಚೀಟಿಯಲ್ಲಿ ಸ್ವಲ್ಪ ಕಮ್ಮಿ ಬರೀರಿ. ಒಂದೇ ಒಂದು ಅಂಕಿ."

ಅವಳಿಗೆ ಸಿಟ್ಟು ನೆತ್ತಿಗೇರಿತು. "ಅಂಕಿ ಕಮ್ಮಿ ಬರೆದ್ರೆ ಲೋಡು ಕಮ್ಮಿ ಆಗುತ್ತೇನೋ? ಇಳಿಜಾರಲ್ಲಿ ಬ್ರೇಕ್ ಹಿಡೀದೇ ಹೋದ್ರೆ ನನ್ನ ಚೀಟಿ ಬಂದು ಲಾರಿ ನಿಲ್ಲಿಸುತ್ತಾ?"

ಹೇಳಿದ ಮಾತು ಬಾಯಿಂದ ಹೊರಬಿದ್ದದ್ದೇ ತಡ, ಅವಳ ಕಣ್ಣು ಪಕ್ಕದಲ್ಲಿದ್ದ ಸಕ್ಕರೆ ಪುಸ್ತಕದ ಮೇಲೆ ಬಿತ್ತು. ಒಳಗೆ ಮಗು ಒಮ್ಮೆ ಒದೆಯಿತು. ಅವಳು ಕಿಟಕಿ ಮುಚ್ಚಿ, ಪುಸ್ತಕ ಹಿಡಿದು, ಕರೆಯದ ದಿನವೇ ಆಸ್ಪತ್ರೆಗೆ ನಡೆದಳು.

"ಇದರಲ್ಲಿ ಒಂಬತ್ತು ದಿನದ್ದು ಸುಳ್ಳು, ಡಾಕ್ಟ್ರೇ" ಎಂದು ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಯಾಕೆ ಎಂದರು ಅವರು. ಅವಳು ಅಳುತ್ತಲೇ ಹೇಳಿದಳು: "ನನ್ನ ಮೊದಲನೇ ಮಗು ನಾಲ್ಕು ಕಿಲೋ ಆರುನೂರು ಇತ್ತು. ಜಾಸ್ತಿ ನಂಬರ್ ಬರೆಯೋಕೆ ಕೂತ್ರೆ ಅದೇ ಕಣ್ಣ ಮುಂದೆ ಬರುತ್ತೆ. ನಾನೇ ಕೊಂದೆ ಅಂತ ನಾನೇ ಬರೆದುಕೊಟ್ಟ ಹಾಗೆ ಆಗುತ್ತೆ."

ಡಾಕ್ಟರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. "ತಿಂಗಳು ತುಂಬ್ತಾ ಬಂದ ಹಾಗೆ ಸಕ್ಕರೆ ಏರುತ್ತೆ ಕಣಮ್ಮ, ಎಷ್ಟು ಪಥ್ಯ ಮಾಡಿದ್ರೂ. ಅದು ನಿಮ್ಮ ತಪ್ಪಲ್ಲ, ಆಗಲೂ ಅಲ್ಲ, ಈಗಲೂ ಅಲ್ಲ. ಇನ್ಸುಲಿನ್ ಏರಿಸೋದು ನನ್ನ ಕೆಲಸ. ನಿಜ ಬರೆಯೋದಷ್ಟೇ ನಿಮ್ಮದು." ಬೈಯುತ್ತಾರೆಂದು ಬಂದವಳಿಗೆ ಈ ಮಾತು ಕೇಳಿ ಇನ್ನಷ್ಟು ಅಳು ಬಂತು. ಸ್ಕ್ಯಾನಿನಲ್ಲಿ ಮಗು ತುಸು ದಪ್ಪಗಾಗತೊಡಗಿತ್ತು. ಅಂದೇ ಇನ್ಸುಲಿನ್ ಏರಿತು, ವಾರ ವಾರವೂ ಏರುತ್ತ ಹೋಯಿತು. ಪುಸ್ತಕದಲ್ಲಿ ನೂರ ಮೂವತ್ತೂ ಬಂತು, ನೂರ ಹತ್ತೂ ಬಂತು, ಕೊನೆಗೆ ತೊಂಬತ್ತಕ್ಕೆ ಇಳಿದು ನಿಂತಿತು.

ಹೆಣ್ಣು ಮಗು. ಹುಟ್ಟಿದ ಕೂಡಲೇ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡಿದರು, ಕಡಿಮೆಯಿತ್ತು. ತಕ್ಷಣ ಎದೆಗೆ ಹಚ್ಚಿ ಹಾಲು ಕುಡಿಸಿದ ಮೇಲೆ ಸರಿಯಾಯಿತು. ನರ್ಸು ತೂಗಿ, "ಮೂರು ಕಿಲೋ ನಾನೂರು" ಎಂದಳು.

"ಬಟ್ಟೆ ತೂಕ ಕಳೆದ್ರಾ?" ಎಂದಳು ಬಾಣಂತಿ.

ನರ್ಸು ನಗುತ್ತ ಬಟ್ಟೆ ತೆಗೆದು ಮತ್ತೆ ತೂಗಿದಳು. ಮೂರು ಕಿಲೋ ಇನ್ನೂರು. ಚಳಿಗೆ ಮಗು ಸೂರು ಹಾರಿಹೋಗುವಂತೆ ಅತ್ತಿತು. ತಾಯಿ ಕಣ್ಣು ಮುಚ್ಚಿ ಆ ಅಳುವನ್ನು ಕೊನೆಯವರೆಗೂ ಕೇಳಿದಳು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳು ಹೊಸ ಪುಸ್ತಕ ತೆಗೆದದ್ದು ನೋಡಿ ಅತ್ತೆ ಸಂಕಟಪಟ್ಟರು. "ಹೆರಿಗೆ ಆಯ್ತಲ್ಲ ಮಗಳೇ, ಇನ್ನೂ ಯಾಕೆ ಚುಚ್ಕೋತೀಯ?"

"ಕಾಯಿಲೆ ನಂದು ಅತ್ತೆ, ಹೆರಿಗೇದಲ್ಲ. ಇವಳು ದೊಡ್ಡವಳಾಗೋದನ್ನ ನಾನು ನೋಡ್ಬೇಕು."

ಅತ್ತೆ ಮಗುವನ್ನು ಎತ್ತಿಕೊಂಡು ಪಕ್ಕದಲ್ಲೇ ಕೂತರು. ಯಂತ್ರ ನೂರ ನಲವತ್ತೆಂಟು ಎಂದಿತು. ಅವಳು ನೂರ ನಲವತ್ತೆಂಟು ಎಂದೇ ಬರೆದಳು.