ಮೂರು ಸಾವಿರದ ಹನ್ನೆರಡನೇ ಇಸವಿಯಿಂದ ಮನೆಗೆ

ಕಳೆದ ಸೋಮವಾರ ಬೆಳಿಗ್ಗೆ ಮೊಮ್ಮಗಳು ಚಿತ್ರ ಬರೆಯುವ ಕಪ್ಪು ಶಾಯಿಯ ಸೀಸೆಯನ್ನು ಊಟದ ಮೇಜಿನ ಮೇಲೆ ಉರುಳಿಸಿದಳು. ಒರೆಸುವ ಬಟ್ಟೆ ತರಲು ಎದ್ದವನು ಅರ್ಧದಲ್ಲೇ ನಿಂತೆ. ಸುಟ್ಟ ಮಸಿ, ಅರಗು, ಅದರ ಹಿಂದೆ ಸಣ್ಣಗೆ ಕರ್ಪೂರ... ಇದು ದಿಲ್ಲಿಯ ನಮ್ಮ ಸರೋಜಿನಿ ನಗರದ ಕ್ವಾರ್ಟರ್ಸಿನ ಮೆಟ್ಟಿಲುಗಳ ವಾಸನೆ. ಮೇಲಿನ ಮನೆಯ ಚಿತ್ರದ ಹುಡುಗಿಯ ವಾಸನೆ.

ಹುಡುಗಿ ಎಂದು ನಾನು ಹೇಳುವುದು ರೂಢಿಯಿಂದ. ಆಗ ಆಕೆಗೆ ಮೂವತ್ತು ದಾಟಿತ್ತು. ಅಣ್ಣನಿಗೆ ಕೇಂದ್ರ ಸರ್ಕಾರದ ಕೆಲಸ. ಅವನ ಜೊತೆ ಇದ್ದಳು. ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ನಾನು ಸೈನ್ಯದಲ್ಲಿ ಗುಮಾಸ್ತನಾಗಿ ಸೇರಿ ಸುಬೇದಾರನಾಗಿ ನಿವೃತ್ತನಾಗಿದ್ದೆ. ಕ್ವಾರ್ಟರ್ಸು ಹೆಂಡತಿಯ ನೌಕರಿಯದು. ನಾಲ್ಕೂವರೆಗೆ ಏಳುವುದು, ಐದಕ್ಕೆ ನಡಿಗೆ, ಏಳಕ್ಕೆ ಪತ್ರಿಕೆ, ಎಂಟಕ್ಕೆ ತಿಂಡಿ. ಸೈನ್ಯ ಬಿಟ್ಟರೂ ಕ್ರಮ ಬಿಟ್ಟಿರಲಿಲ್ಲ.

"ಅಂಕಲ್, ಹಾಲು ತಡವಾಗಿ ಉಕ್ಕಿದರೆ ಅದಕ್ಕೂ ಚಾರ್ಜ್‌ಶೀಟ್ ಕೊಡ್ತೀರಂತೆ, ಆಂಟಿ ಹೇಳಿದ್ರು," ಎಂದು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಛೇಡಿಸುತ್ತಿದ್ದಳು. ಬೆರಳ ತುದಿಗಳು ಯಾವಾಗಲೂ ಕಪ್ಪು.

ಮಕ್ಕಳ ಒಂದು ಹಿಂದಿ ಮಾಸಿಕಕ್ಕೆ ಆಕೆ ಚಿತ್ರಕಥೆ ಬರೆಯುತ್ತಿದ್ದಳು. ತಿಂಗಳಿಗೆ ಹದಿನಾರು ಪುಟ. ನಾಯಕಿ ನಮ್ಮಂಥದೇ ಸರ್ಕಾರಿ ಕಾಲೊನಿಯ ಹದಿನಾರರ ಹುಡುಗಿ. ಅವಳಿಗೆ ಹಾರಲು ಬರುತ್ತದೆ. ಒಮ್ಮೆ ಎಷ್ಟು ವೇಗವಾಗಿ ಹಾರುತ್ತಾಳೆಂದರೆ ಸಾವಿರ ವರ್ಷ ದಾಟಿ ಮುಂದಿನ ದಿಲ್ಲಿಗೆ ಹೋಗಿ ಇಳಿಯುತ್ತಾಳೆ. ಅಲ್ಲಿ ಐದು ಜನ ಎಳೆಯ ವೀರರ ಪಡೆ. ಒಬ್ಬ ಗೋಡೆಯೊಳಗೆ ನಡೆಯುವವನು, ಒಬ್ಬಳು ಯಮುನೆಯ ನೀರನ್ನು ಎತ್ತಿ ನಿಲ್ಲಿಸುವವಳು, ಹೀಗೆ. ಅವರ ಜೊತೆ ಸೇರಿ ಆ ಕಾಲದ ದುಷ್ಟರನ್ನು ಹೊಡೆದು, ಶಾಲೆಯ ಗಂಟೆ ಹೊಡೆಯುವುದರೊಳಗೆ ವಾಪಸು ಬರುತ್ತಾಳೆ. ನನಗೆ ಗೊತ್ತಿದ್ದುದು ಇಷ್ಟೇ. ಕಾಲೊನಿಯ ಮಕ್ಕಳು ಆ ಪುಸ್ತಕಕ್ಕೆ ಕಿತ್ತಾಡುವುದನ್ನು ನೋಡಿದ್ದೆ. ಕೂತು ಓದಿರಲಿಲ್ಲ.

ಆ ವರ್ಷ ಮಳೆ ನಿಂತ ಮೇಲೆ ಆಕೆ ಬಾಗಿಲಲ್ಲಿ ನಿಂತು ಹೇಳಿದ್ದು ಮಾತ್ರ ಈಗಲೂ ಅಕ್ಷರಕ್ಕೆ ಅಕ್ಷರ ನೆನಪಿದೆ.

"ಮುಂದಿನ ತಿಂಗಳಿಂದ ಕಂಪ್ಯೂಟರ್ ಸ್ಟುಡಿಯೋದವರು ನನ್ನ ಹಾರೋ ಹುಡುಗೀನ ಬರೀತಾರಂತೆ, ಅಂಕಲ್. ಹಕ್ಕು ಪತ್ರಿಕೆಯದು, ನಾನೇನೂ ಮಾಡೋ ಹಾಗಿಲ್ಲ. ಆದರೆ ನಾಲ್ಕು ವರ್ಷ ಸಾಕಿದ್ದೀನಿ. ಅವಳನ್ನ ನಾನೇ ಮನೆಗೆ ಮುಟ್ಟಿಸಬೇಕು. ಈ ಸಲ ಕೊನೇ ಪುಟದಲ್ಲಿ ಅವಳು ಹಾರೋದನ್ನ ಬಿಟ್ಟು, ಮನೆಗೆ ಬಂದು ಬಾಗಿಲು ಹಾಕ್ಕೋತಾಳೆ. ಆಮೇಲೆ ಯಾರು ಬಡಿದರೂ ತೆಗೆಯಲ್ಲ."

"ಸಂಪಾದಕರು ಒಪ್ಪಬೇಕಲ್ಲಮ್ಮ?"

"ಅವರು ನೋಡೋದು ಅಚ್ಚಾದ ಮೇಲೆ. ತಡ ಆದಾಗ ನಾನು ನೇರ ಪ್ರೆಸ್ಸಿಗೇ ಕೊಡೋದು. ಈ ಸಲ ಬೇಕಂತಲೇ ತಡ ಮಾಡ್ತೀನಿ."

ಅಧಿಕಾರಿಯ ಕಣ್ಣು ತಪ್ಪಿಸುವ ಕೆಲಸ ನನಗೆ ಒಗ್ಗುವಂಥದ್ದಲ್ಲ. ಆದರೂ ಆಕೆಯ ಮುಖ ನೋಡಿ ಸುಮ್ಮನಾದೆ.

ಕೊಡಬೇಕಾದ ದಿನವೇ ಆಕೆಗೆ ಚಿಕುನ್‌ಗುನ್ಯಾ ಜ್ವರ. ಬೆರಳಿನ ಗಿಣ್ಣುಗಳೆಲ್ಲ ಊದಿದ್ದವು. ಅಣ್ಣ ಟೂರ್ ಮೇಲೆ ಹೋಗಿದ್ದ. ಹೇಗೆ ಬರೆದು ಮುಗಿಸಿದಳೋ, ಬೆಳಿಗ್ಗೆ ಹನ್ನೊಂದಕ್ಕೆ ಗೋಡೆ ಹಿಡಿದುಕೊಂಡು ಕೆಳಗೆ ಬಂದು ರಟ್ಟಿನ ಕಡತವನ್ನು ನನ್ನ ಕೈಗಿಟ್ಟಳು. ಫರೀದಾಬಾದಿನ ಪ್ರೆಸ್ಸಿಗೆ ಮಧ್ಯಾಹ್ನ ಎರಡರೊಳಗೆ ಮುಟ್ಟಬೇಕು. ತಪ್ಪಿದರೆ ಆ ಜಾಗಕ್ಕೆ ಹಳೆಯ ಕಥೆಯೊಂದನ್ನು ತುಂಬುತ್ತಾರೆ; ಹುಡುಗಿ ಸ್ಟುಡಿಯೋದವರ ಪಾಲು.

"ನಿಮ್ಮನ್ನ ಬಿಟ್ಟು ಇನ್ಯಾರಿಗೆ ಕೊಡಲಿ ಅಂಕಲ್? ನೀವು ಟೈಮಿಗೆ ಮುಟ್ಟಿಸ್ತೀರಿ," ಎಂದಳು.

ಆಶ್ರಮ್ ಚೌಕದವರೆಗೆ ಆಟೋ, ಅಲ್ಲಿಂದ ಬಸ್ಸು. ಕಿಟಕಿಯ ಸೀಟು ಸಿಕ್ಕಿತು. ಕಡತ ಬಿಚ್ಚಿ ಹಾಳೆ ಎಣಿಸಿದೆ. ಪಡೆದುಕೊಂಡದ್ದು ಎಷ್ಟು, ಒಪ್ಪಿಸುವುದು ಎಷ್ಟು ಎಂದು ತಿಳಿಯದೆ ಕಾಗದ ಒಯ್ಯುವುದು ನಮ್ಮ ಪದ್ಧತಿಯಲ್ಲ. ಹದಿನಾರು ಇತ್ತು. ಆದರೆ ಹಿಂಬದಿಯಲ್ಲಿ ಪುಟಸಂಖ್ಯೆ ಇರಲಿಲ್ಲ. ಮುಂಬದಿಯಲ್ಲಿ, ಮೂಲೆಯ ಚೌಕದೊಳಗೆ ದಪ್ಪಕ್ಷರದಲ್ಲಿ ಇಸವಿ. ಮೊದಲ ಹಾಳೆಗಳಲ್ಲಿ ಮೂರು ಸಾವಿರದ ಹನ್ನೆರಡು, ನಡುವೆ ನಮ್ಮ ಕಾಲದ್ದೊಂದು, ಆಮೇಲೆ ಮೂರು ಸಾವಿರದ ಎಂಟು, ಮತ್ತೆ ನಮ್ಮದು, ಆಮೇಲೆ ಮೂರು ಸಾವಿರದ ಮೂರು...

ಪಾಪ, ಜ್ವರದಲ್ಲಿ ಎಲ್ಲ ಕಲಸಿಟ್ಟಿದ್ದಾಳೆ ಎಂದುಕೊಂಡೆ.

ಬಸ್ಸು ಬದರ್‌ಪುರ ದಾಟುವುದರೊಳಗೆ ಹದಿನಾರನ್ನೂ ಇಸವಿಯ ಪ್ರಕಾರ ಜೋಡಿಸಿದೆ. ಹಳೆಯದು ಮೊದಲು, ಹೊಸದು ಕೊನೆಗೆ. ಜೇಬಿನ ಪೆನ್ಸಿಲ್ ತೆಗೆದು ಹಿಂಬದಿಯಲ್ಲಿ ಒಂದರಿಂದ ಹದಿನಾರರವರೆಗೆ ಅಂಕಿ ಹಾಕಿದೆ. ನನ್ನ ಅಂಕಿಗಳು ದುಂಡಗಿವೆ, ಯಾರಿಗೂ ಗೊಂದಲವಾಗುವುದಿಲ್ಲ. ಒಂದೂ ಇಪ್ಪತ್ತಕ್ಕೆ ಪ್ರೆಸ್ಸಿನ ಫೋರ್‌ಮನ್ ಕೈಗೆ ಕೊಟ್ಟೆ. ಅವನು ಹಿಂಬದಿ ತಿರುವಿ ನೋಡಿ, "ವಾಹ್ ಬಾಬೂಜಿ, ಇವತ್ತು ನಂಬರು ಅಚ್ಚು ಹೊಡೆದ ಹಾಗಿದೆ," ಎಂದು ಹಿಂದಿಯಲ್ಲಿ ಹೊಗಳಿದ. ನನಗೆ ಸಂತೋಷವೇ ಆಯಿತು.

ನಾಲ್ಕಕ್ಕೆ ಮನೆ ಸೇರಿ ನೇರ ಮೇಲೆ ಹೋದೆ. ಆಕೆ ಹೊದ್ದು ಮಲಗಿದ್ದಳು. ಮುಟ್ಟಿಸಿದೆ ಎಂದೆ. ಮುಖ ಅರಳಿತು.

"ನಂಬರ್ ಹಾಕೋದೇ ಮರೆತಿದ್ದೆ ಅಂಕಲ್, ನೀವು ಹೋದ ಮೇಲೆ ನೆನಪಾಯ್ತು. ಪರವಾಗಿಲ್ಲ, ಜೋಡಿಸಿಯೇ ಇಟ್ಟಿದ್ದೆನಲ್ಲ."

"ಜೋಡಿಸಿ ಎಲ್ಲಿಟ್ಟಿದ್ದೆ? ಇಸವಿ ಎಲ್ಲ ಹಿಂದುಮುಂದು. ನಾನೇ ಸರಿಮಾಡಿ ನಂಬರ್ ಹಾಕಿ ಕೊಟ್ಟೆ."

ಆಕೆ ಎದ್ದು ಕುಳಿತಳು. ಆಮೇಲೆ, ಚಿಕ್ಕ ಮಗುವಿಗೆ ಹೇಳುವ ಹಾಗೆ, ಬಿಡಿಸಿ ಬಿಡಿಸಿ ಹೇಳಿದಳು. "ಅವಳು ಮೊದಲ ಸಲ ಹೋದಾಗ ಆ ಐದೂ ಜನ ದೊಡ್ಡವರು, ಅಂಕಲ್. 'ಬಾ, ನಿನಗಾಗಿಯೇ ಕಾಯ್ತಾ ಇದ್ವಿ' ಅಂತಾರೆ. ಪ್ರತಿ ಸಲ ಹೋದಾಗಲೂ ಅವರ ಹಿಂದಿನ ವರ್ಷಕ್ಕೆ ಹೋಗಿ ಇಳೀತಾಳೆ. ಅವರು ಚಿಕ್ಕವರಾಗ್ತಾ ಬರ್ತಾರೆ. ಕೊನೇ ಸಲ ಅವರು ಏಳೆಂಟು ವರ್ಷದ ಮಕ್ಕಳು. ಅವಳು ಯಾರು ಅಂತಲೇ ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದ ಆ ಮಕ್ಕಳಿಗೆ ಅವಳು ಹೋಗಿಬರ್ತೀನಿ ಹೇಳಿ ಮನೆಗೆ ಬರ್ತಾಳೆ. ನಾಲ್ಕು ವರ್ಷದಿಂದ ಅದೇ ಕಥೆ. ಹದಿನಾರು ಪುಟದಲ್ಲಿ ಅದನ್ನೇ ಮತ್ತೆ ಹೇಳಿ ಮುಗಿಸಿದ್ದೆ..."

ನನ್ನ ಕ್ರಮದಲ್ಲಿ ಬಾಗಿಲು ಹಾಕಿಕೊಳ್ಳುವ ಪುಟ ಐದನೆಯದು. ಹದಿನಾರನೆಯ ಪುಟದಲ್ಲಿ ಐದು ಜನ ಕೈಚಾಚಿ, ಬಾ ಎಂದು ಕರೆಯುತ್ತಿದ್ದರು.

"ಇಸವಿ ಬರೆದಿತ್ತಲ್ಲಮ್ಮ!" ಎಂದೆ.

ಪ್ರೆಸ್ಸಿನ ಫೋನ್ ಎಂಗೇಜ್. ಐದಕ್ಕೆ ಮೆಷಿನ್ ಶುರು. ಆಕೆ ಊದಿದ ಬೆರಳುಗಳಲ್ಲೇ ಪುಟಗಳ ಸರಿಯಾದ ಕ್ರಮ ಬರೆದುಕೊಟ್ಟಳು. ನಾನು ಚಪ್ಪಲಿ ಮೆಟ್ಟಿ ಓಡಿದೆ. ಅವತ್ತು ಬೇಗ ಆಫೀಸಿನಿಂದ ಬರುತ್ತಿದ್ದ ಹೆಂಡತಿ ಮೆಟ್ಟಿಲಲ್ಲೇ ಸಿಕ್ಕಳು. ವಿಷಯ ಕೇಳಿ, "ಮಕ್ಕಳ ಪುಸ್ತಕಕ್ಕೂ ಪರೇಡ್ ಮಾಡಿಸಿದ್ರಾ?" ಎಂದಳು.

ಆಟೋದವನು ಬದರ್‌ಪುರದ ಗಡಿ ದಾಟುವುದಿಲ್ಲ ಎಂದು ಅಲ್ಲೇ ಇಳಿಸಿದ. ಲಾರಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಅವುಗಳ ಸಂದಿಯಲ್ಲಿ ಓಡಿದೆ. ನನಗಾಗ ಐವತ್ತೆರಡು. ಗಡಿಯಾಚೆ ಇನ್ನೊಂದು ಆಟೋ ಹಿಡಿದೆ. ಗಡಿಯಾರ ನೋಡುವುದೇ ನನ್ನ ಜೀವಮಾನದ ಅಭ್ಯಾಸ. ಅವತ್ತು ನೋಡಲು ಧೈರ್ಯವಾಗಲಿಲ್ಲ. ಪ್ರೆಸ್ಸಿನ ಗೇಟಿನಲ್ಲೇ ಕಾಲ ಕೆಳಗಿನ ನೆಲ ಅದುರುವುದು ತಿಳಿಯಿತು. ಮೆಷಿನ್ ಓಡುತ್ತಿತ್ತು.

ಫೋರ್‌ಮನ್ ಚೀಟಿ ನೋಡಿದ, ನನ್ನ ಮುಖ ನೋಡಿದ. "ಸಂಪಾದಕರು ಒಂದು ಮಾತು ಹೇಳಿದರೆ ಈಗಲೇ ನಿಲ್ಲಿಸ್ತೀನಿ ಬಾಬೂಜಿ. ಫೋನ್ ಹಚ್ಚಲಾ?" ಎಂದು ರಿಸೀವರ್ ಎತ್ತಿದ. ನಾನು ಅದನ್ನು ಅವನ ಕೈಯಿಂದ ತೆಗೆದುಕೊಂಡು ಆಕೆಯ ನಂಬರಿಗೆ ಮಾಡಿದೆ.

"ಬೇಡ ಅಂಕಲ್," ಎಂದಳು. "ಅವರಿಗೆ ಗೊತ್ತಾದರೆ ಬಾಗಿಲು ಹಾಕೋ ಪುಟವನ್ನೇ ತೆಗೆಸ್ತಾರೆ. ಈಗ ಐದನೇ ಪುಟದಲ್ಲಾದರೂ ಇದೆಯಲ್ಲ." ಮೆಷಿನ್ನಿನ ಸದ್ದು ಆಕೆಗೂ ಕೇಳುತ್ತಿದ್ದಿರಬೇಕು. "ಬಂದ್ಬಿಡಿ. ಊಟದ ಹೊತ್ತು ಮೀರುತ್ತೆ ನಿಮಗೆ."

ಸಂಪಾದಕರಿಗೆ ಆ ಸಂಚಿಕೆ ಬಹಳ ಹಿಡಿಸಿತಂತೆ. ಮುಂದಿನ ಕಥೆಗೆ ಎಷ್ಟು ಚೆನ್ನಾಗಿ ದಾರಿ ಮಾಡಿಕೊಟ್ಟಿದ್ದೀರಿ ಎಂದು ಆಕೆಗೇ ಫೋನ್ ಮಾಡಿ ಹೇಳಿದರು. ಮರುತಿಂಗಳು ಹುಡುಗಿ ಸ್ಟುಡಿಯೋದವರ ಕೈಯಲ್ಲಿ ಹಾರಿದಳು. ಬಣ್ಣ ಮಿರುಗುತ್ತಿತ್ತು. ಮುಖ ಮಾತ್ರ ಯಾರದೋ... ಹಾಗೆಯೇ ವರ್ಷಗಟ್ಟಲೆ ಹಾರಿದಳು.

ಆ ಚಳಿಗಾಲ ಕಳೆದ ಮೇಲೆ ಅಣ್ಣನಿಗೆ ಮೈಸೂರಿಗೆ ವರ್ಗವಾಯಿತು. ಸಾಮಾನು ಕಟ್ಟಲು ನಾನೂ ಹೋದೆ. ಪೆಟ್ಟಿಗೆಗಳಿಗೆ ಗುರುತು ಹಾಕಲೆಂದು ಸೀಮೆಸುಣ್ಣ ತೆಗೆದಾಗ, "ಅಂಕಲ್, ಇವಕ್ಕೂ ನಂಬರ್ ಹಾಕ್ತೀರಾ?" ಎಂದಳು. ಸೀಮೆಸುಣ್ಣ ಜೇಬಿಗಿಟ್ಟೆ. ತಪ್ಪಾಯಿತಮ್ಮ ಎನ್ನಲು ಆಗ ಹೊತ್ತಿತ್ತು. ಲಾರಿಯವನು ಹಾರ್ನ್ ಒತ್ತುವವರೆಗೂ ಇತ್ತು.

ಶಾಯಿ ಒರೆಸಿದ ಮರುದಿನ, ದಿಲ್ಲಿ ಕನ್ನಡಿಗರೊಬ್ಬರಿಂದ ಅಣ್ಣನ ನಂಬರ್ ಸಂಪಾದಿಸಿ ಹತ್ತು ಗಂಟೆಗೆ ಫೋನ್ ಮಾಡಿದೆ. ಸುಬೇದಾರ್ ಎಂದ ಕೂಡಲೇ ಗುರುತು ಹಿಡಿದ. ಆಕೆ ತೀರಿಹೋಗಿ ಎರಡು ವರ್ಷವಾಯಿತಂತೆ. ಕಡೆಯವರೆಗೂ ಶಾಲೆಯ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದಳಂತೆ.

"ನಿಮ್ಮ ವಿಷಯ ಹೇಳ್ತಾನೇ ಇದ್ದಳು ಸರ್," ಎಂದ. "ನನ್ನ ಹುಡುಗೀನ ಮನೆಗೆ ಹೋಗೋಕೆ ಬಿಡದ ಅಂಕಲ್ ಅಂತ."

ನಾನು ಕುರ್ಚಿ ಎಳೆದುಕೊಂಡು ಕುಳಿತೆ. "ನಗ್ತಾ ಹೇಳ್ತಿದ್ದಳಾ?" ಎಂದು ಕೇಳಿದೆ.

ಅವನು ಪ್ರಾಮಾಣಿಕ ಮನುಷ್ಯ. ಯೋಚಿಸಿದ.

"ಅದು ನೆನಪಿಲ್ಲ ಸರ್."