ನೆಲದ ಮೇಲಿಟ್ಟು ಓದುವ ಅಕ್ಷರ

ಮಕ್ಕಳೇ, ದೊಡ್ಡವನೇ, ಸಣ್ಣವಳೇ, ನಮ್ಮ ಹಾಡಿನ ಪುಸ್ತಕದ ಅಕ್ಷರ ಒಂದನೇ ತರಗತಿಯ ಪಾಠದ ಹಾಗಿದೆ ಎಂದು ನೀವು ನಕ್ಕಿರಿ. ಅದು ನಗುವ ಸಂಗತಿಯಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಾಡುಗಳು ಭಾಲ್ಕಿಯಲ್ಲಿರುವ ನನ್ನ ಅಕ್ಕನವು. ಔರಾದ ಕಡೆಯ ನಮ್ಮ ಹಳ್ಳಿಯಲ್ಲಿ ನಾನು ಶಾಲೆಗೆ ಹೋದೆ. ಅಕ್ಕ ಓದು ಕಲಿತದ್ದು ತಲೆ ನರೆತ ಮೇಲೆ. ತನ್ನ ಹಾಡನ್ನು ಅಚ್ಚಿನಲ್ಲಿ ತಾನೇ ಓದಬೇಕೆಂಬುದು ಅವಳ ಆಸೆ. ಅವಳು ಹೇಳಿದಳು, ನಾನು ಬರೆದುಕೊಂಡೆ, ಬೀದರದ ಒಂದು ಪ್ರೆಸ್ಸಿಗೆ ಕೊಟ್ಟೆ.

ಪ್ರೆಸ್ಸಿನವನು ಮದುವೆ ಕಾರ್ಡಿನ ಬಳ್ಳಿ ಅಕ್ಷರ ಆರಿಸಿದ್ದ. ದಾರದಷ್ಟು ತೆಳುವು, ತುದಿಗೆಲ್ಲ ಸುರುಳಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತಿತ್ತು. ಮೊದಲ ಹಾಳೆಗಳನ್ನು ಭಾಲ್ಕಿಗೆ ಒಯ್ದೆ. ನಮ್ಮ ಭಜನೆಯಲ್ಲಿ ಪುಸ್ತಕವನ್ನು ಯಾರೂ ಕೈಯಲ್ಲಿ ಹಿಡಿಯುವುದಿಲ್ಲ. ಕೈಯಲ್ಲಿ ತಾಳ ಇರುತ್ತದೆ. ಪುಸ್ತಕ ನೆಲದ ಮೇಲೆ ವ್ಯಾಸಪೀಠದಲ್ಲಿರುತ್ತದೆ. ಅಕ್ಕ ಹಾಗೆಯೇ ಕುಳಿತಳು. ಹಾಡು ಅವಳದೇ, ಬಾಯಿಗೆ ಬರುವಂಥದ್ದೇ, ಆದರೆ ಆ ದಿನ ಅವಳು ಓದಲೆಂದೇ ಕುಳಿತಿದ್ದಳು. ಎರಡನೇ ಸಾಲಿಗೆ ಓದು ನಿಂತಿತು. ಕಣ್ಣಿನ ಚಾಳೀಸು ತೆಗೆದು, ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ನನ್ನ ಕಣ್ಣೇ ಹೋಗ್ಯಾವ ನೋಡವ್ವ," ಅಂದಳು.

ತಪ್ಪು ಅಕ್ಷರದ್ದು, ಬೈಸಿಕೊಂಡದ್ದು ಅವಳ ಕಣ್ಣು. ನನಗೆ ಮೈಯೆಲ್ಲ ಉರಿಯಿತು. ಹೊರಗಿನವರ ಮುಂದೆ ಬಾಯಿ ತೆರೆಯದ ನಾನು ಮರುದಿನವೇ ಬೀದರ ಬಸ್ಸು ಹತ್ತಿದೆ.

ಪ್ರೆಸ್ಸಿನವನು ನಕ್ಕ. "ಹಾಡು ನಿಮಗ ಬಾಯಿಪಾಠ ಇರ್ತಾವಲ್ರಿ ಅಮ್ಮಾರ. ಓದೋರು ಯಾರು? ಛಂದ ಕಾಣಬೇಕು, ಅಷ್ಟೇರಿ."

"ಬಾಯಿಪಾಠ ಇದ್ದೋರು ಹೋಗ್ತಾರ್ರಿ," ಅಂದೆ. "ಓದೋರ ಸಲುವಾಗೇ ಮಾಡಸ್ಲಿಕತ್ತೇನಿ."

ಒಂದೇ ಹಾಡನ್ನು ಬೇರೆ ಬೇರೆ ಅಕ್ಷರದಲ್ಲಿ ತೆಗೆಸಿ, ಅಂಗಡಿಯ ನೆಲದ ಮೇಲೆ ಹರಡಿ, ಎದುರು ಕುಳಿತು ಓದಿದೆ. ಬಂದುಹೋಗುವವರು ನೋಡಿದರೆ ನೋಡಲಿ. ದುಂಡಗಿನ, ಒಂದೇ ದಪ್ಪದ, ಬಿಡಿಬಿಡಿಯಾದ ಅಕ್ಷರ ಆರಿಸಿ, ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಿಸಿದೆ. ಸಾಲಿ ಹುಡುಗರ ಪುಸ್ತಕದ್ಹಂಗ ಕಾಣ್ತದ ಎಂದು ಅವನು ಗೊಣಗಿದ.

"ಕಾಣ್ಲಿರಿ," ಅಂದೆ.

ಅಕ್ಕ ಆ ಪುಸ್ತಕವನ್ನು ತಾಳ ಬಿಡದೆ ಕೊನೆಯವರೆಗೆ ಓದಿದಳು. ಕಣ್ಣಿನ ಮಾತೆತ್ತಲಿಲ್ಲ. ಮುಖಪುಟಕ್ಕೆ ಮಾತ್ರ ಪ್ರೆಸ್ಸಿನವನು ಹೇಳದೆ ಕೇಳದೆ ಆ ಬಳ್ಳಿ ಅಕ್ಷರವನ್ನೇ ಹಾಕಿದ್ದ. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ನನ್ನ ಈ ಬರಹವನ್ನು ಎಂದಾದರೂ ಅಚ್ಚು ಹಾಕಿಸುವುದಿದ್ದರೆ, ಮೊದಲು ನೆಲದ ಮೇಲಿಟ್ಟು ಓದಿ ನೋಡಿ. ಅಲ್ಲಿಯವರೆಗೆ ಈ ಹಾಳೆಗಳು ಅಕ್ಕನ ಪುಸ್ತಕದೊಳಗೇ ಇರಲಿ. ನೀರು, ಗೆದ್ದಲು ತಾಗದಂತೆ ಕಾಯಿರಿ.