ಬಣ್ಣ ಬಳಿದ ಬಂಡೆ

ಮಸ್ಕತ್ತಿನ ಮತ್ರಾ ಗುಡ್ಡದ ಕಾಲುದಾರಿಯಲ್ಲಿ, ಊರಿನಿಂದ ಬಂದಿದ್ದ ಅತ್ತೆ ಚಪ್ಪಲಿ ಕಳಚಿ, ಕೆಂಪು ಹಳದಿ ಪಟ್ಟೆ ಬಳಿದಿದ್ದ ಬಂಡೆಗೆ ಕೈಮುಗಿದರು.

"ಅದು ದೈವದ ಕಲ್ಲಲ್ಲ ಅತ್ತೆ, ನಡೆಯುವವರಿಗೆ ದಾರಿ ತೋರಿಸುವ ಗುರುತು," ಎಂದು ನಕ್ಕೆ.

"ದಾರಿ ತೋರಿಸ್ತದೆ ಅಂತಾದ್ರೆ ಅದು ದೈವವೇ ಅಲ್ವಾ ಮಾರಾಯ್ತಿ?"

ಹಿಂದೆ ಬರುತ್ತಿದ್ದ ಪೋಲೆಂಡಿನ ಹೆಂಗಸೊಬ್ಬರು ಏನೆಂದು ಕೇಳಿದರು. ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಿಂತುಬಿಟ್ಟರು.

"ನಮ್ಮ ಹಳೇ ಪಟ್ಟಣದ ಸುತ್ತ ಮಕ್ಕಳೂ ನಡೆಯುವಂಥ ದಾರಿಗಳಿವೆ. ಅಲ್ಲಿ ಇಂಥ ಗುರುತು ಬಳಿಯುತ್ತಿದ್ದವರು ನನ್ನ ಗಂಡ. ಅವರು ತೀರಿಕೊಂಡ ಮೇಲೆ ನಾನು ಆ ಕಡೆ ಕಾಲಿಟ್ಟಿಲ್ಲ."

ಅತ್ತೆಗೆ ಅದನ್ನು ತಿಳಿಸಿದೆ. ಅವರು ಆಕೆಯ ಕೈ ಹಿಡಿದು ಬಣ್ಣದ ಮೇಲೆ ಇಟ್ಟರು.

ಆಕೆ ಅತ್ತರೋ, ಬಿಸಿಲಿಗೆ ಕಣ್ಣು ಮುಚ್ಚಿದರೋ, ನನ್ನ ನೆನಪನ್ನು ನಂಬಲಾರೆ. ಬಹಳ ಹೊತ್ತು ಕೈ ತೆಗೆಯಲಿಲ್ಲ. ಅಷ್ಟು ಮಾತ್ರ ನಿಜ.